ಬಾಡಿಗೆಯ ರಷ್ಯಾ

ಅಮೆರಿಕ ಮತ್ತು ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಂದ ಬೇಸಿಗೆಯಲ್ಲಿ ರಷ್ಯನ್ ಭಾಷೆ ಕಲಿಯಲು ಹೊರಡುವ ವಿದ್ಯಾರ್ಥಿಗಳಲ್ಲಿ ಬಹುತೇಕರು ಈಗ ರಷ್ಯಾಕ್ಕೆ ಹೋಗುವುದಿಲ್ಲ. ಜಾರ್ಜಿಯಾದ ಟಿಬಿಲಿಸಿಗೆ, ಕಜಕಿಸ್ತಾನದ ಅಲ್ಮಾಟಿಗೆ, ಕಿರ್ಗಿಸ್ತಾನದ ಬಿಷ್ಕೆಕ್‌ಗೆ, ಅರ್ಮೇನಿಯಾದ ಯೆರೆವಾನ್‌ಗೆ, ಬಾಲ್ಟಿಕ್ ದೇಶಗಳ ರಷ್ಯನ್ ಭಾಷಿಕ ಪಟ್ಟಣಗಳಿಗೆ ಹೋಗುತ್ತಾರೆ. ಎಂಟು ವಾರಗಳಲ್ಲಿ ಒಂದು ವರ್ಷದ ಪಾಠ ಮುಗಿಸುತ್ತಾರೆ. ಬೆಳಿಗ್ಗೆ ತರಗತಿ, ಮಧ್ಯಾಹ್ನ ಸ್ಥಳೀಯ ಸಂಗಾತಿಯೊಡನೆ ಸಂಭಾಷಣೆಯ ಅಭ್ಯಾಸ, ರಾತ್ರಿ ಆತಿಥೇಯ ಕುಟುಂಬದ ಊಟದ ಮೇಜಿನಲ್ಲಿ ಮತ್ತೆ ರಷ್ಯನ್. ಮರಳುವ ಹೊತ್ತಿಗೆ ರಷ್ಯನ್ ಕ್ರಿಯಾಪದಗಳ ಜೋಡಿರೂಪಗಳು ಹಿಡಿತಕ್ಕೆ ಬಂದಿರುತ್ತವೆ, ಪುಷ್ಕಿನ್ ಮತ್ತು ಚೆಕಾವ್ ಪರಿಚಯವಾಗಿರುತ್ತಾರೆ. ಎರಡು ತಿಂಗಳು ಊಟ ಬಡಿಸಿದ ಮನೆಯೊಡತಿ ತನ್ನ ಮೊಮ್ಮಗುವಿನೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಿದ್ದಳೋ ಆ ಭಾಷೆಯಲ್ಲಿ ಮಾತ್ರ, 'ಮದ್ಲೋಬಾ' ಅಥವಾ 'ರಹ್ಮೆತ್' ಎಂಬ ಒಂದು ಧನ್ಯವಾದದಾಚೆ ಏನೂ ಬಂದಿರುವುದಿಲ್ಲ. ಬರಬೇಕೆಂದು ಯಾರೂ ನಿರೀಕ್ಷಿಸಿರುವುದೂ ಇಲ್ಲ.

ಈ ಏರ್ಪಾಡಿನ ವಿಚಿತ್ರ ಅರ್ಥವಾಗಲು ಕನ್ನಡ ಓದುಗರಿಗೆ ಒಂದು ಕಲ್ಪನೆ ಸಾಕು. ವಿದೇಶಿ ವಿದ್ಯಾರ್ಥಿಗಳು ಕನ್ನಡ ಕಲಿಯಲೆಂದೇ ಮೈಸೂರಿಗೆ ಬರುವುದುಂಟು. ಹಾಗಲ್ಲದೆ, ಯಾವುದೋ ಕಾರಣಕ್ಕೆ ದೆಹಲಿ, ಲಖನೌ, ಜೈಪುರಗಳ ಬಾಗಿಲು ಮುಚ್ಚಿತೆಂದೂ, ಹಿಂದಿ ಕಲಿಸುವ ಬೇಸಿಗೆ ಕಾರ್ಯಕ್ರಮವನ್ನು ಮೈಸೂರಿಗೆ ಸ್ಥಳಾಂತರಿಸಲಾಯಿತೆಂದೂ ಭಾವಿಸೋಣ. ಸರಸ್ವತಿಪುರಂನ ಮನೆಯೊಂದರಲ್ಲಿ ವಿದ್ಯಾರ್ಥಿನಿಗೆ ವಸತಿ. ಆಕೆಯೊಡನೆ ಹಿಂದಿಯಲ್ಲಷ್ಟೇ ಮಾತನಾಡಬೇಕೆಂದು ಮನೆಯವರಿಗೆ ಸೂಚನೆ. ಕಾರ್ಯಕ್ರಮದ ಪರಿಚಯಪತ್ರದಲ್ಲಿ ಮೈಸೂರಿಗೆ ಸಿಗುವ ಬಿರುದು 'ಹಿಂದಿ ಬಳಕೆಯಲ್ಲಿರುವ ಸುರಕ್ಷಿತ ನಗರ'. ಕುವೆಂಪು ಅವರ ಮನೆಯ ಮುಂದೆ ನಿಂತು ಆಕೆ ಪ್ರೇಮಚಂದರ ಕುರಿತು ಪ್ರಬಂಧ ಬರೆಯುತ್ತಾಳೆ. ಕನ್ನಡಿಗರು ಇದನ್ನು ಶಿಕ್ಷಣವೆಂದು ಕರೆಯುವರೇ? ಹಿಂದಿಯ ಮೇಲಾಗಲಿ ಪ್ರೇಮಚಂದರ ಮೇಲಾಗಲಿ ದ್ವೇಷವಿಲ್ಲದವರೂ ಇದು ಅವಮಾನವೆಂದು ಹೇಳದಿರಲಾರರು. ಟಿಬಿಲಿಸಿ ಮತ್ತು ಅಲ್ಮಾಟಿಯ ಸಂದರ್ಭ ಇದಕ್ಕಿಂತ ತೀವ್ರವಾದುದು. ಅಲ್ಲಿ ರಷ್ಯನ್ ಬೇರೂರಿದ ಕಥೆಯಲ್ಲಿ ಸೈನ್ಯವಿದೆ, ಕ್ಷಾಮವಿದೆ, ಗುಂಡಿನ ಸದ್ದಿದೆ.

ರಷ್ಯನ್ ಕಲಿಕೆ ತಪ್ಪೆಂಬುದು ಇಲ್ಲಿನ ವಾದವಲ್ಲ. ಒಂದು ದೇಶವನ್ನು ಇನ್ನೊಂದು ದೇಶದ ಬದಲಿಗೆ ಬಾಡಿಗೆಗೆ ಹಿಡಿದು, ಆ ದೇಶದ ಭಾಷೆ ಮತ್ತು ನೆನಪುಗಳನ್ನು ಬದಿಗೆ ಸರಿಸಿ ನಡೆಸುವ ರಷ್ಯನ್ ಪಾಠ ರಷ್ಯನ್ ಭಾಷೆಯ ಬಗೆಗೇ ಸುಳ್ಳು ಕಲಿಸುತ್ತದೆ ಎಂಬುದು ವಾದ. ಭಾಷೆಯ ಅತ್ಯಂತ ಮುಖ್ಯ ಪಾಠ, ಅಂದರೆ ಅದು ತನ್ನದಲ್ಲದ ನೆಲಕ್ಕೆ ಹೇಗೆ ಬಂತು ಎಂಬುದು, ಕಿಟಕಿಯ ಹೊರಗೇ ಇರುವಾಗ ತರಗತಿ ಆ ಕಿಟಕಿಯನ್ನು ಮುಚ್ಚಿಕೊಂಡು ನಡೆಯುತ್ತಿದೆ.

ಇಂಥ ಕಾರ್ಯಕ್ರಮಗಳ ಹುಟ್ಟಿನಲ್ಲೇ ಈ ಕುರುಡಿನ ಮೂಲವಿದೆ. 1957ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಮರುವರ್ಷವೇ ಅಮೆರಿಕ 'ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯಿದೆ'ಯನ್ನು ತಂದು ವಿದೇಶಿ ಭಾಷೆಗಳ ಬೋಧನೆಗೆ ಹಣ ಸುರಿಯಿತು. ಕಾಯಿದೆಯ ಹೆಸರಿನಲ್ಲಿಯೇ ರಕ್ಷಣೆ ಮೊದಲು, ಶಿಕ್ಷಣ ಅನಂತರ. 2006ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ 'ರಾಷ್ಟ್ರೀಯ ಭದ್ರತಾ ಭಾಷಾ ಉಪಕ್ರಮ'ವನ್ನು ಘೋಷಿಸಿದಾಗ ಅದೇ ತರ್ಕ ಮುಂದುವರಿಯಿತು. ಇಂದು ಸಾವಿರಾರು ವಿದ್ಯಾರ್ಥಿಗಳು ಹಂಬಲಿಸುವ 'ಕ್ರಿಟಿಕಲ್ ಲ್ಯಾಂಗ್ವೇಜ್ ಸ್ಕಾಲರ್‌ಶಿಪ್' ಆ ವರ್ಷದ ಕೂಸು. 'ಕ್ರಿಟಿಕಲ್' ಎಂದರೆ ಯಾರಿಗೆ ನಿರ್ಣಾಯಕ? ಆ ಭಾಷೆಯನ್ನಾಡುವ ಜನರಿಗಲ್ಲ, ಅದನ್ನು ತಿಳಿದುಕೊಳ್ಳಬೇಕಾದ ಪ್ರಭುತ್ವಕ್ಕೆ. ಆ ಪಟ್ಟಿಯಲ್ಲಿ ರಷ್ಯನ್ ಇದೆ. ರಷ್ಯನ್ ಪಾಠಕ್ಕೆ ಜಾಗ ಕೊಟ್ಟಿರುವ ನಾಡುಗಳ ಜಾರ್ಜಿಯನ್, ಕಜಕ್, ಕಿರ್ಗಿಜ್ ಇಲ್ಲ. ಅತಿಥಿಯ ಅಳತೆಗೋಲಿನಲ್ಲಿ ಆತಿಥೇಯರ ಭಾಷೆ ತೂಗುವುದೇ ಇಲ್ಲ.

ಯುದ್ಧಕ್ಕೆ ಮೊದಲೇ ರಷ್ಯಾ ತನ್ನ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚುತ್ತ ಬಂದಿತ್ತು. 2018ರಲ್ಲಿ ಬ್ರಿಟಿಷ್ ಕೌನ್ಸಿಲ್ ಅಲ್ಲಿನ ಕೆಲಸ ನಿಲ್ಲಿಸಬೇಕಾಯಿತು. 2021ರ ಜೂನ್‌ನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್‌ನ ಸ್ಮೋಲ್ನಿಯೊಡನೆ ದಶಕಗಳ ಸಹಯೋಗವಿದ್ದ ಅಮೆರಿಕದ ಬಾರ್ಡ್ ಕಾಲೇಜನ್ನು 'ಅನಪೇಕ್ಷಿತ ಸಂಸ್ಥೆ' ಎಂದು ಘೋಷಿಸಲಾಯಿತು. 2022ರ ಫೆಬ್ರವರಿ 24ರ ಆಕ್ರಮಣದ ನಂತರ ವಿದೇಶಿ ವಿಶ್ವವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳನ್ನು ಅವಸರದಲ್ಲಿ ಹೊರತಂದು ನೆರೆಯ ದೇಶಗಳಿಗೆ ಕಳಿಸಿದವು. ಆ ತುರ್ತಿನ ನಿರ್ಧಾರವನ್ನು ದೂಷಿಸುವಂತಿಲ್ಲ. ದೂಷಿಸಬೇಕಾದುದು, ತುರ್ತು ಕಳೆದು ವರ್ಷಗಳಾದರೂ 'ಪರ್ಯಾಯ ತಾಣ' ಎಂಬ ಮನೋಭಾವ ಕಳೆಯದಿರುವುದನ್ನು. 'ಸಹಜವಾದ ರಷ್ಯನ್ ಭಾಷಿಕ ಪರಿಸರ' ಎಂದು ಇಂಥ ನಗರಗಳನ್ನು ಬಣ್ಣಿಸುವುದು ವಾಡಿಕೆಯಾಗಿದೆ. ಆ ಪರಿಸರದಲ್ಲಿ ಸಹಜವಾದದ್ದು ಎಷ್ಟು?

ಟಿಬಿಲಿಸಿಯನ್ನು ತೆಗೆದುಕೊಳ್ಳಿ. 1978ರಲ್ಲಿ ಸೋವಿಯತ್ ಜಾರ್ಜಿಯಾದ ಹೊಸ ಸಂವಿಧಾನದ ಕರಡು ಸಿದ್ಧವಾದಾಗ, ಜಾರ್ಜಿಯನ್ ರಾಜ್ಯಭಾಷೆ ಎಂಬ ಸ್ಥಾನ ಅದರಿಂದ ಮಾಯವಾಗಿತ್ತು. ಏಪ್ರಿಲ್ 14ರಂದು ಸಾವಿರಾರು ಮಂದಿ, ಅದರಲ್ಲಿ ವಿದ್ಯಾರ್ಥಿಗಳೇ ಹೆಚ್ಚು, ರುಸ್ತವೇಲಿ ಬೀದಿಯಲ್ಲಿ ಸರ್ಕಾರಿ ಭವನದತ್ತ ನಡೆದರು. ಸೋವಿಯತ್ ವ್ಯವಸ್ಥೆಯಲ್ಲಿ ಹಾಗೆ ಬೀದಿಗಿಳಿಯುವುದಕ್ಕೆ ಎಂಥ ಬೆಲೆ ತೆರಬೇಕಾಗಬಹುದೆಂಬುದು ಅವರಿಗೆ ಗೊತ್ತಿತ್ತು. ಪಕ್ಷದ ಅಂದಿನ ಮುಖ್ಯಸ್ಥ ಶೆವರ್ದ್‌ನಾದ್ಜೆ ಮಾಸ್ಕೋವನ್ನು ಒಪ್ಪಿಸಿ ಆ ವಿಧಿಯನ್ನು ಉಳಿಸಿಕೊಳ್ಳಬೇಕಾಯಿತು. ಇಂದಿಗೂ ಆ ದಿನವನ್ನು ಜಾರ್ಜಿಯನ್ನರು ತಾಯ್ನುಡಿಯ ದಿನವೆಂದು ಆಚರಿಸುತ್ತಾರೆ. 1989ರ ಏಪ್ರಿಲ್ 9ರಂದು ಅದೇ ಬೀದಿಯಲ್ಲಿ ಸೋವಿಯತ್ ಸೈನ್ಯ ಪ್ರತಿಭಟನಕಾರರನ್ನು ಕೊಂದಿತು. 2008ರ ಯುದ್ಧದ ನಂತರ ದೇಶದ ಐದನೆಯ ಒಂದು ಭಾಗದಷ್ಟು ನೆಲ ರಷ್ಯನ್ ಸೈನ್ಯದ ಹಿಡಿತದಲ್ಲಿದೆ. 2022ರ ಸೆಪ್ಟೆಂಬರ್‌ನಲ್ಲಿ ರಷ್ಯಾ ಸೈನ್ಯಕ್ಕೆ ಜನರನ್ನು ಕಡ್ಡಾಯವಾಗಿ ಕರೆದಾಗ ದೊಡ್ಡ ಸಂಖ್ಯೆಯ ರಷ್ಯನ್ನರು ಇಲ್ಲಿಗೇ ಓಡಿಬಂದರು. ಮನೆ ಬಾಡಿಗೆ ಏರಿತು, ಗೋಡೆಗಳ ಮೇಲೆ ಸಿಟ್ಟಿನ ಬರಹಗಳು ಮೂಡಿದವು. ಇಂಥ ನಗರದ ಅಂಗಡಿಯಲ್ಲಿ ವಿದೇಶಿ ವಿದ್ಯಾರ್ಥಿಯೊಬ್ಬ ರಷ್ಯನ್‌ನಲ್ಲಿ ಬ್ರೆಡ್ಡು ಕೇಳಿದಾಗ ಎದುರಿನ ಹುಡುಗಿ ಇಂಗ್ಲಿಷಿನಲ್ಲಿ ಉತ್ತರಿಸಿದರೆ, ಅದು ಅಭ್ಯಾಸಕ್ಕೆ ಬಂದ ಅಡ್ಡಿಯಲ್ಲ. ಅಂದಿನ ಪಾಠ ಅದೇ.

ಅಲ್ಮಾಟಿಯ ಕಥೆ ಇನ್ನಷ್ಟು ಭಾರವಾದುದು. 1930ರಿಂದ 33ರವರೆಗೆ, ಅಲೆಮಾರಿ ಪಶುಪಾಲಕರನ್ನು ಬಲವಂತವಾಗಿ ನೆಲೆಗೊಳಿಸಿ ಅವರ ಹಿಂಡುಗಳನ್ನು ಕಸಿದುಕೊಂಡ ಸ್ಟಾಲಿನ್ ಆಡಳಿತದ ನೀತಿಯಿಂದ ಕಜಕಿಸ್ತಾನದಲ್ಲಿ ಸುಮಾರು 15 ಲಕ್ಷ ಜನ ಹಸಿವಿನಿಂದ ಸತ್ತರು. ತಮ್ಮದೇ ನಾಡಿನಲ್ಲಿ ಕಜಕರು ಅಲ್ಪಸಂಖ್ಯಾತರಾದರು. ಕಜಕ್ ಭಾಷೆಯ ಅರಬ್ಬಿ ಲಿಪಿಯನ್ನು 1929ರಲ್ಲಿ ತೆಗೆದು ಲ್ಯಾಟಿನ್ ತರಲಾಯಿತು; 1940ರಲ್ಲಿ ಅದನ್ನೂ ತೆಗೆದು ರಷ್ಯನ್ನಿನ ಸಿರಿಲಿಕ್ ಲಿಪಿಯನ್ನು ಹೇರಲಾಯಿತು. ಅಜ್ಜನ ಕೈಬರಹವನ್ನು ಮೊಮ್ಮಗ ಓದಲಾಗದಂತಾಗಲು ಹನ್ನೊಂದು ವರ್ಷ ಸಾಕಾಯಿತು. 1986ರ ಡಿಸೆಂಬರ್‌ನಲ್ಲಿ, ಕಜಕ್ ನಾಯಕ ಕುನಾಯೆವ್‌ರನ್ನು ತೆಗೆದು ಹೊರಗಿನವರನ್ನು ಮಾಸ್ಕೋ ಕೂರಿಸಿದಾಗ, ಅಲ್ಮಾಟಿಯ ಚೌಕದಲ್ಲಿ ನೆರೆದ ಯುವಜನರನ್ನು ಸೈನ್ಯ ಚದುರಿಸಿತು. ಆ ಚೌಕ ಇಂದಿಗೂ ಅಲ್ಲೇ ಇದೆ. ಅಲ್ಮಾಟಿಯಲ್ಲಿ ಹುಟ್ಟಿ ರಷ್ಯನ್‌ನಲ್ಲೇ ಬೆಳೆದ ಎಷ್ಟೋ ಕಜಕರು ಈಗ, ನಡುವಯಸ್ಸಿನಲ್ಲಿ, ತಮ್ಮ ಅಜ್ಜಿಯರ ಭಾಷೆಯನ್ನು ಅಕ್ಷರಾಭ್ಯಾಸದಿಂದ ಕಲಿಯುತ್ತಿದ್ದಾರೆ. ನಗರವೊಂದು ಮರೆತದ್ದನ್ನು ಮತ್ತೆ ನೆನಪಿಸಿಕೊಳ್ಳುತ್ತಿರುವ ಹೊತ್ತಿನಲ್ಲೇ ಅದನ್ನು 'ಉತ್ತಮ ರಷ್ಯನ್ ನಗರ'ವೆಂದು ಆರಿಸಿಕೊಳ್ಳುವುದು ಎಂಥ ಸಂವೇದನೆ?

'ಸಂಸ್ಕೃತಿ' ಎಂಬ ಹೆಸರಿನಲ್ಲಿ ಬೋಧಿಸುವುದರಲ್ಲೂ ಇದೇ ಆಯ್ಕೆ ಕೆಲಸ ಮಾಡುತ್ತದೆ. ಪುಷ್ಕಿನ್ ಬರೆದ 'ಕಾಕಸಸ್‌ನ ಸೆರೆಯಾಳು' ಕಾವ್ಯದ ಪರ್ವತಗಳ ಸೌಂದರ್ಯ ಎಲ್ಲ ಪಠ್ಯಗಳಿಗೂ ಪ್ರಿಯ. 1822ರಲ್ಲಿ ಪ್ರಕಟವಾದ ಆ ಕಾವ್ಯದ ಕೊನೆಯ ಭಾಗ, ಕಾಕಸಸ್ ಜನರನ್ನು ಬಗ್ಗುಬಡಿದ ಸೇನಾಪತಿ ಯೆರ್ಮೊಲೊವ್‌ನನ್ನು ಕೊಂಡಾಡುತ್ತದೆ ಎಂಬುದು ಅಷ್ಟು ಪ್ರಿಯವಲ್ಲ. ದಾಸ್ತೊಯೆವ್‌ಸ್ಕಿ ಸೈಬೀರಿಯದ ಸೆರೆಮನೆಯಿಂದ ಹೊರಬಂದು ಸೈನಿಕನಾಗಿ ದಿನ ಕಳೆದ ಸೆಮಿಪಲಾಟಿನ್ಸ್ಕ್ ಇಂದಿನ ಕಜಕಿಸ್ತಾನದ ಸೆಮೆಯ್ ನಗರ. ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಅದೇ ದೊರೆಯ ಶಿಕ್ಷೆಗೆ ಒಳಗಾಗಿ ಕಜಕಿಸ್ತಾನದ ಪಶ್ಚಿಮ ತುದಿಯ ಕೋಟೆಯಲ್ಲಿ ಇನ್ನೊಬ್ಬ ಲೇಖಕನೂ ಸೈನಿಕನಾಗಿದ್ದ. ಆತ ಉಕ್ರೇನಿನ ಕವಿ ತರಾಸ್ ಶೆವ್‌ಚೆಂಕೊ. 1847ರಲ್ಲಿ ಬಂಧಿತನಾದ ಅವನಿಗೆ ಬರೆಯಲೂಬಾರದು, ಚಿತ್ರ ಬಿಡಿಸಲೂಬಾರದು ಎಂಬ ಶಿಕ್ಷೆ. ಬಿಡುಗಡೆಯ ಹೊಸ್ತಿಲಿನಲ್ಲಿ, 1857ರಲ್ಲಿ, ಆ ಕೋಟೆಯಲ್ಲಿ ಅವನು ಬರೆಯತೊಡಗಿದ ದಿನಚರಿ ರಷ್ಯನ್ ಭಾಷೆಯಲ್ಲಿದೆ. ಕಜಕಿಸ್ತಾನದಲ್ಲಿ ರಷ್ಯನ್ ಕಲಿಯುವವರಿಗೆ ಇದಕ್ಕಿಂತ ತಕ್ಕ ಪಠ್ಯ ಯಾವುದು? ದಾಸ್ತೊಯೆವ್‌ಸ್ಕಿಗೆ ಸಲ್ಲುವ ಜಾಗದ ಹತ್ತರಲ್ಲೊಂದು ಪಾಲು ಆ ದಿನಚರಿಗೆ ಸಲ್ಲದಿರುವುದಕ್ಕೆ ಭಾಷೆಯ ಕಷ್ಟ ಕಾರಣವಲ್ಲ. 'ರಷ್ಯನ್ ಸಂಸ್ಕೃತಿ' ಎಂಬ ಚೌಕಟ್ಟು ಕಾರಣ.

ಈ ಟೀಕೆಗೆ ಬರುವ ಮೊದಲ ಉತ್ತರ, ಭಾಷೆಯೆಂದರೆ ಪ್ರಭುತ್ವವಲ್ಲ. ಪುಟಿನ್ ಮಾಡಿದ ಪಾಪವನ್ನು ಪುಷ್ಕಿನ್ನನ ಭಾಷೆಯ ಮೇಲೆ ಹೊರಿಸಬಾರದು ಎಂಬುದು. ಈ ಮಾತು ನಿಜ. ಆದ್ದರಿಂದಲೇ ರಷ್ಯನ್ನನ್ನು ಬಹಿಷ್ಕರಿಸಬೇಕೆನ್ನುವವರ ಮಾತನ್ನೂ ಒಪ್ಪಲಾಗದು. 2015ರಲ್ಲಿ ನೊಬೆಲ್ ಪಡೆದ ಬೆಲಾರೂಸಿನ ಸ್ವೆತ್ಲಾನಾ ಅಲೆಕ್ಸಿಯೆವಿಚ್ ಬರೆಯುವುದು ರಷ್ಯನ್‌ನಲ್ಲಿ. ಕಿರ್ಗಿಜ್ ಲೇಖಕ ಚಿಂಗಿಜ್ ಐತ್ಮಾತೊವ್ 1980ರಲ್ಲಿ ಪ್ರಕಟಿಸಿದ ಕಾದಂಬರಿಯಲ್ಲಿ 'ಮನ್‌ಕುರ್ತ್' ಎಂಬ ಗುಲಾಮನ ಕಥೆ ಬರುತ್ತದೆ. ಬೋಳಿಸಿದ ತಲೆಗೆ ಒಂಟೆಯ ಹಸಿ ಚರ್ಮ ಬಿಗಿದು, ಬಿಸಿಲಿನಲ್ಲಿ ಅದು ಕುಗ್ಗುವಂತೆ ಮಾಡಿ ಅವನ ನೆನಪನ್ನೇ ಹಿಂಡಿ ತೆಗೆಯಲಾಗುತ್ತದೆ. ಹುಡುಕಿಕೊಂಡು ಬಂದ ತಾಯಿಯನ್ನು ಅವನು ಗುರುತಿಸುವುದಿಲ್ಲ. ಒಡೆಯನ ಮಾತು ಕೇಳಿ ಬಾಣ ಬಿಟ್ಟು ಕೊಲ್ಲುತ್ತಾನೆ. ಮಧ್ಯ ಏಷ್ಯಾದಾದ್ಯಂತ ಇಂದು ಬೇರು ಮರೆತವರನ್ನು ಕರೆಯುವ ಹೆಸರು ಇದೇ. ಆ ಕಥೆಯನ್ನು ಐತ್ಮಾತೊವ್ ಬರೆದದ್ದು ರಷ್ಯನ್‌ನಲ್ಲಿ. ಸ್ಟಾಲಿನ್ ಕಾಲದಲ್ಲಿ, 1938ರಲ್ಲಿ, ಕೊಲೆಯಾದ ಅವರ ತಂದೆಯ ಅವಶೇಷ ಬಿಷ್ಕೆಕ್ ಹೊರವಲಯದ ಸಾಮೂಹಿಕ ಸಮಾಧಿಯಲ್ಲಿ ಸಿಕ್ಕಿದ್ದು 1991ರಲ್ಲಿ. ಅಲ್ಲಿ ಈಗ 'ಅತಾ-ಬೆಯಿತ್' ಎಂಬ ಸ್ಮಾರಕವಿದೆ. 2008ರಲ್ಲಿ ತೀರಿಕೊಂಡ ಮಗನನ್ನೂ ಅಲ್ಲೇ ಮಣ್ಣು ಮಾಡಲಾಯಿತು. ಒಡೆಯನ ಭಾಷೆಯಲ್ಲೇ ಒಡೆಯನ ಲೆಕ್ಕ ಕೇಳಿದವರ ಪರಂಪರೆ ಇದು. ರಷ್ಯನ್ ಕಲಿಯಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ. ಬಿಷ್ಕೆಕ್‌ಗೆ ಹೋದವರಿಗೆ ಮೊದಲು ಕಲಿಸಬೇಕಾದುದು ಇದನ್ನು.

ಎರಡನೆಯ ಉತ್ತರ ಸಮಯದ ಕುರಿತದ್ದು. ಎಂಟು ವಾರ ಚಿಕ್ಕ ಅವಧಿ, ಗುರಿಭಾಷೆಯಲ್ಲಿ ಪೂರ್ತಿ ಮುಳುಗಿದರೆ ಮಾತ್ರ ಫಲ, ಇನ್ನೊಂದು ಭಾಷೆ ಬೆರೆತರೆ ಎರಡೂ ಕೆಡುತ್ತವೆ ಎನ್ನುತ್ತಾರೆ. ಕಲಿಯುವ ಭಾಷೆಯನ್ನು ಬಿಟ್ಟು ಬೇರೆಯದನ್ನು ಆಡುವುದಿಲ್ಲ ಎಂಬ ಪ್ರತಿಜ್ಞೆ ವರ್ಮಾಂಟಿನ ಮಿಡಲ್‌ಬರಿ ಕಾಲೇಜಿನ ಪ್ರಸಿದ್ಧ ಕ್ರಮ. ಅಲ್ಲಿನ ರಷ್ಯನ್ ಶಾಲೆ 1945ರಿಂದ ನಡೆಯುತ್ತಿದೆ. ಆದರೆ ಆ ಪ್ರತಿಜ್ಞೆ ವಿದ್ಯಾರ್ಥಿಯನ್ನು ಅವನದೇ ಇಂಗ್ಲಿಷಿನಿಂದ ದೂರವಿಡಲು ಹುಟ್ಟಿದ್ದು. ಅದನ್ನು ಟಿಬಿಲಿಸಿಗೆ ಒಯ್ದರೆ ಅದು ಆತಿಥೇಯರ ಭಾಷೆಗೆ ಕಿವುಡಾಗುವ ಪ್ರತಿಜ್ಞೆಯಾಗುತ್ತದೆ. ವಾರಕ್ಕೆ ಇಪ್ಪತ್ತು ಗಂಟೆಯಂತೆ ಎಂಟು ವಾರಕ್ಕೆ 160 ಗಂಟೆ ಪಾಠವೆಂದುಕೊಂಡರೆ, ಅದರ ಹತ್ತರಲ್ಲೊಂದು ಭಾಗ 16 ಗಂಟೆ. ಜಾರ್ಜಿಯನ್ ಲಿಪಿಯ 33 ಅಕ್ಷರಗಳನ್ನು ಗುರುತಿಸಲು, ಸಂತೆಯಲ್ಲಿ ಬೆಲೆ ಕೇಳಲು, ಮನೆಯವರ ಕ್ಷೇಮ ವಿಚಾರಿಸಲು ಅಷ್ಟು ಸಾಕು. ಉಂಡ ಮನೆಯ ಜಂತೆ ಎಣಿಸಬಾರದೆಂಬ ಗಾದೆಯಿದೆ. ಉಂಡ ಮನೆಯ ಮಾತನ್ನೇ ಕೇಳಿಸಿಕೊಳ್ಳದೆ ಎದ್ದುಬರುವುದಕ್ಕೆ ಗಾದೆಯೂ ಇಲ್ಲ. ಹಿರಿಯರಿಗೆ ಅಂಥ ಅತಿಥಿಯ ಕಲ್ಪನೆಯೇ ಇರಲಿಲ್ಲವೇನೋ.

ಮೂರನೆಯದು ಹೆಚ್ಚು ಚತುರವಾದ ಉತ್ತರ. ಅಲ್ಲಿನ ಜನರೇ ರಷ್ಯನ್ ಆಡುತ್ತಾರೆ, ಕಿರ್ಗಿಸ್ತಾನದಲ್ಲಿ ರಷ್ಯನ್ ಅಧಿಕೃತ ಭಾಷೆಯೂ ಹೌದು, ಈ ಕಾರ್ಯಕ್ರಮಗಳಿಂದ ಅಲ್ಲಿನ ಶಿಕ್ಷಕಿಯರಿಗೆ ಸಂಬಳ, ಕುಟುಂಬಗಳಿಗೆ ಆದಾಯ; ಅವರಿಗಿಲ್ಲದ ತಕರಾರು ಹೊರಗಿನವರಿಗೇಕೆ? ಆ ಸಂಬಳ ಮುಖ್ಯವಾದುದೇ, ಅದನ್ನು ತಪ್ಪಿಸಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಈ ತರ್ಕ ಕನ್ನಡಿಗರಿಗೆ ಹೊಸದೇನಲ್ಲ. ಬೆಂಗಳೂರಿನ ಆಟೋ ಚಾಲಕನೇ ಹಿಂದಿಯಲ್ಲಿ ಮಾತಾಡುತ್ತಾನೆ, ಇನ್ನು ಕನ್ನಡ ಕಲಿಯಬೇಕೆಂದು ಹೇಳಲು ನೀವಾರು ಎಂಬ ಪ್ರಶ್ನೆಯಾಗಿ ಅದು ಪ್ರತಿದಿನ ಕಿವಿಗೆ ಬೀಳುತ್ತದೆ. ಹೊಟ್ಟೆಪಾಡಿಗಾಗಿ ಒಬ್ಬ ಇನ್ನೊಬ್ಬರ ಭಾಷೆಗೆ ಬಗ್ಗಿದರೆ ಅದು ಅವನ ಜಾಣ್ಮೆ. ಆ ಬಗ್ಗುವಿಕೆಯನ್ನು ಒಪ್ಪಿಗೆಯೆಂದು ತಿಳಿಯುವುದು ಎದುರಿನವನ ಅಹಂಕಾರ. ಕನ್ನಡಿಗರು ಈ ಮಾತು ಹೇಳುವಾಗ ತುಳು, ಕೊಡವ, ಬ್ಯಾರಿ ಭಾಷಿಕರು ಕನ್ನಡದ ಯಜಮಾನಿಕೆಯ ಬಗ್ಗೆ ಕೇಳುವ ಪ್ರಶ್ನೆಗಳಿಗೂ ಕಿವಿಗೊಡಬೇಕು. ತಮ್ಮ ಎಲೆಯಲ್ಲಿ ಸತ್ತು ಬಿದ್ದ ಹೆಗ್ಗಣವನ್ನು ಬಿಟ್ಟು ಪಕ್ಕದ ಎಲೆಯ ನೊಣ ತೋರಿಸುವವರ ಮಾತಿಗೆ ಬೆಲೆಯಿಲ್ಲ.

ಇನ್ನು ಕನ್ನಡದ ಪ್ರಗತಿಪರರು. 'ಸೋವಿಯತ್ ಲ್ಯಾಂಡ್' ಪತ್ರಿಕೆಯ ನುಣುಪು ಹಾಳೆಗಳನ್ನು ಹರಿದು ಶಾಲಾ ಪುಸ್ತಕಗಳಿಗೆ ಬೈಂಡ್ ಹಾಕಿದ ತಲೆಮಾರು ಅದು. ನವಕರ್ನಾಟಕದ ಮಳಿಗೆಯಲ್ಲಿ ಅಗ್ಗಕ್ಕೆ ಸಿಗುತ್ತಿದ್ದ ಮಾಸ್ಕೋ ಮುದ್ರಣದ ಪುಸ್ತಕಗಳು, ಗೋರ್ಕಿಯ 'ತಾಯಿ', ದೇಜಗೌ ಇಂಗ್ಲಿಷಿನ ಮೂಲಕ ಕನ್ನಡಕ್ಕೆ ತಂದ ಟಾಲ್‌ಸ್ಟಾಯ್ ಇವೆಲ್ಲ ಆ ತಲೆಮಾರಿನ ಕಣ್ಣು ತೆರೆಸಿದವು. ಆ ಋಣ ದೊಡ್ಡದು. ಆದರೆ ಆ ಹಾಳೆಗಳಲ್ಲಿ ಕಜಕರೂ ಜಾರ್ಜಿಯನ್ನರೂ ಕಾಣಿಸುತ್ತಿದ್ದುದು ಬಣ್ಣದ ಉಡುಪು ತೊಟ್ಟು ನಗುವ ನೃತ್ಯಗಾರರಾಗಿ. ಐತ್ಮಾತೊವ್ ಕನ್ನಡದಲ್ಲಿ ಬಹುಪಾಲು 'ರಷ್ಯನ್ ಲೇಖಕ'ನಾಗಿಯೇ ಉಳಿದರು. ಅಮೆರಿಕದ ಭದ್ರತಾ ಇಲಾಖೆಗಳ ನಕ್ಷೆಯಲ್ಲೂ ಕನ್ನಡದ ಎಡಪಂಥೀಯರ ಮನೋನಕ್ಷೆಯಲ್ಲೂ ಬಾಲ್ಟಿಕ್‌ನಿಂದ ಪಾಮೀರ್‌ವರೆಗಿನ ನಾಡೆಲ್ಲ ರಷ್ಯಾವೇ ಆಗಿರುವುದು ಆಕಸ್ಮಿಕವಲ್ಲ. ಇಬ್ಬರೂ ಆ ನಾಡನ್ನು ನೋಡಿದ್ದು ಮಾಸ್ಕೋದ ಕಿಟಕಿಯಿಂದ. ನೇಟೋ ವಿಸ್ತರಣೆಯನ್ನು ಟೀಕಿಸಲು ನ್ಯಾಯವಾದ ಕಾರಣಗಳಿವೆ. ಆ ಟೀಕೆ ಯಾರ ತಾಯ್ನುಡಿಯನ್ನೂ ನಕ್ಷೆಯಿಂದ ಅಳಿಸುವ ಪರವಾನಗಿಯಾಗದು.

ಈ ಕುರುಡಿಗೆ ಬೆಲೆಯಿದೆ. ರಷ್ಯನ್ ಭಾಷಿಕರನ್ನು ರಕ್ಷಿಸುವುದು ಉಕ್ರೇನ್ ಮೇಲಿನ ದಾಳಿಗೆ ಕೊಟ್ಟ ಕಾರಣಗಳಲ್ಲೊಂದು. ದಾಳಿಗೆ ಮೊದಲು ಸಿಕ್ಕಿದ ನಗರಗಳಲ್ಲಿ ಬಹುಪಾಲು ಜನ ರಷ್ಯನ್ ಆಡುವ ಖಾರ್ಕಿವ್ ಕೂಡ ಒಂದು. 2022ರ ಮಾರ್ಚ್ 1ರಂದು ಆ ನಗರದಲ್ಲಿ ಕರ್ನಾಟಕದ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಷೆಲ್ ದಾಳಿಗೆ ಬಲಿಯಾದ. ಮರುದಿನ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಆಕ್ರಮಣವನ್ನು ಖಂಡಿಸುವ ನಿರ್ಣಯದ ಮೇಲೆ ಭಾರತ ತಟಸ್ಥವಾಗಿ ಉಳಿಯಿತು. ಅಂದು ಸಿಕ್ಕಿಬಿದ್ದ ವಿದ್ಯಾರ್ಥಿಗಳನ್ನು ಕರೆತರಬೇಕಿತ್ತು ಎಂಬ ಸಮರ್ಥನೆಯಿತ್ತು. ಅವರೆಲ್ಲ ಮರಳಿದ ನಂತರವೂ ಅದೇ ತಾಟಸ್ಥ್ಯ ಮುಂದುವರಿಯಿತು. ಒಂದು ಭಾಷೆ ಆಡುವ ಕಡೆಯೆಲ್ಲ ಆ ಭಾಷೆಯ ದೊಡ್ಡಣ್ಣನಿಗೆ ಹಕ್ಕಿದೆ ಎಂಬ ಸಿದ್ಧಾಂತ ಟ್ಯಾಂಕುಗಳಾಗಿ ಬಂದದ್ದನ್ನು ಜಗತ್ತು ಕಂಡಿದೆ. ಅಲ್ಮಾಟಿಯನ್ನು 'ರಷ್ಯನ್ ಪರಿಸರ' ಎಂದು ಕರೆಯುವ ಪರಿಚಯಪತ್ರ ಟ್ಯಾಂಕಲ್ಲ. ಆದರೆ ಎರಡರ ಕೈಯಲ್ಲಿರುವ ನಕ್ಷೆ ಒಂದೇ.

ಆಗಬೇಕಾದುದು ಅಸಾಧ್ಯವಾದುದಲ್ಲ. ಪ್ರತಿ ಕಾರ್ಯಕ್ರಮವೂ ಆತಿಥೇಯ ಭಾಷೆಗೆ ಪಾಠದ ಅವಧಿಯ ಹತ್ತನೆಯ ಒಂದು ಭಾಗವನ್ನಾದರೂ ಕಡ್ಡಾಯವಾಗಿ ಮೀಸಲಿಡಬೇಕು, ಅದಕ್ಕೆ ಅಂಕವನ್ನೂ ಕೊಡಬೇಕು. ರಷ್ಯನ್ ಪಠ್ಯದಲ್ಲಿ ಆ ನಾಡಿನವರು ರಷ್ಯನ್‌ನಲ್ಲಿ ಬರೆದದ್ದನ್ನು ಮೊದಲು ಓದಿಸಬೇಕು: ಬಿಷ್ಕೆಕ್‌ನಲ್ಲಿ ಐತ್ಮಾತೊವ್, ಅಲ್ಮಾಟಿಯಲ್ಲಿ ಒಲ್ಜಾಸ್ ಸುಲೈಮೆನೊವ್. ಸುಲೈಮೆನೊವ್ 1975ರಲ್ಲಿ ಪ್ರಕಟಿಸಿದ 'ಅಜ್ ಇ ಯಾ', ರಷ್ಯನ್ನರು ತಮ್ಮ ಆದಿಕಾವ್ಯವೆಂದು ಹೆಮ್ಮೆಪಡುವ ಕೃತಿಯಲ್ಲಿ ತುರ್ಕಿ ಭಾಷೆಗಳ ಕುರುಹು ತೋರಿಸಿ ಮಾಸ್ಕೋದ ಕೆಂಗಣ್ಣಿಗೆ ಗುರಿಯಾದ ಪುಸ್ತಕ. ಟಿಬಿಲಿಸಿಯಲ್ಲಿ ಪುಷ್ಕಿನ್ ಓದುವಾಗ ಯೆರ್ಮೊಲೊವ್‌ನನ್ನು ಬಿಡಬಾರದು, ಕಾಕಸಸ್ ಯುದ್ಧದ ಕ್ರೌರ್ಯವನ್ನು ಮುದಿ ಟಾಲ್‌ಸ್ಟಾಯ್ ಕಂಡರಿಸಿದ 'ಹಾಜಿ ಮುರಾತ್' ಅನ್ನೂ ಜೊತೆಗಿಡಬೇಕು.

ವಲಸೆ ಹೋದ ಕನ್ನಡಿಗರ ಮಕ್ಕಳೂ ಇಂಥ ವಿದ್ಯಾರ್ಥಿವೇತನಗಳಿಗೆ ಅರ್ಜಿ ಹಾಕುತ್ತಾರೆ. ಎರಡು ಭಾಷೆಗಳ ನಡುವೆ, ಚಿಕ್ಕದನ್ನು ಮನೆಯೊಳಗೆ ಬಚ್ಚಿಟ್ಟು ದೊಡ್ಡದನ್ನು ಬೀದಿಯಲ್ಲಿ ಆಡುತ್ತ ಬೆಳೆದವರು ಅವರು. ಬೇರೆ ವಿದ್ಯಾರ್ಥಿಗಳಿಗೆ ವಿವರಿಸಬೇಕಾದುದು ಅವರಿಗೆ ಅನುಭವದಿಂದಲೇ ಗೊತ್ತಿರುತ್ತದೆ. ಮುಂದಿನ ಬೇಸಿಗೆಗೆ ಅರ್ಜಿ ತುಂಬುವ ಮುನ್ನ ಅವರು ಕಾರ್ಯಕ್ರಮದ ಕಚೇರಿಗೆ ಒಂದು ಪತ್ರ ಬರೆದು ಕೇಳಲಿ: ನಾನು ಉಳಿದುಕೊಳ್ಳುವ ಮನೆಯವರ ಭಾಷೆಯನ್ನು ನೀವು ಎಷ್ಟು ಗಂಟೆ ಕಲಿಸುತ್ತೀರಿ? ಉತ್ತರ 'ಸೊನ್ನೆ' ಎಂದಾದರೆ, ಕಾರಣವನ್ನೂ ಕೇಳಲಿ. ಹತ್ತು ಜನ ಕೇಳಿದರೆ ಕಡತದಲ್ಲಿ ಉಳಿಯುತ್ತದೆ. ನೂರು ಜನ ಕೇಳಿದರೆ ವೇಳಾಪಟ್ಟಿಯಲ್ಲಿ ಒಂದು ತರಗತಿ ಹುಟ್ಟುತ್ತದೆ.